ನೋಯಲು ಬಾರದ ಯಕೃತ್ತು

ದರ್ಜಿ ವಿರೂಪಣ್ಣನ ಹೊಟ್ಟೆಯಲ್ಲಿ ಬಲಬದಿಯ ಯಕೃತ್ತು ಮತ್ತು ಎಡಬದಿಯ ಗುಲ್ಮ ಬಹುಕಾಲದ ನೆರೆಯವರು. ಅವನು ಇಪ್ಪತ್ತು ವರ್ಷ ಕುಡಿದ ಮದ್ಯವನ್ನೆಲ್ಲ ಯಕೃತ್ತು ತುಟಿಪಿಟಕ್ಕೆನ್ನದೆ ಅರಗಿಸಿತ್ತು. ಮದ್ಯದಿಂದಾದ ಗಾಯ ಮಾಯ್ದಲ್ಲೆಲ್ಲ ಗಂಟು ಕಟ್ಟಿಕೊಂಡು ಈಗ ಅದು ಕಲ್ಲಿನಂತಾಗಿತ್ತು.

ಒಂದು ದಿನ, ಊದಿಕೊಂಡಿದ್ದ ಗುಲ್ಮ ಗಾಬರಿಯಿಂದ ಕೇಳಿತು: "ಅಣ್ಣಾ, ನಿನ್ನ ಮೂಲಕ ಹೋಗಬೇಕಾದ ರಕ್ತ ನನ್ನ ಬಾಗಿಲಿಗೆ ಮರಳಿ ಬರುತ್ತಿದೆಯಲ್ಲ?"

"ನನ್ನೊಳಗಿನ ದಾರಿ ಮುಚ್ಚುತ್ತಿದೆ, ತಮ್ಮಾ. ಅನ್ನನಾಳದ ಸಣ್ಣ ರಕ್ತನಾಳದ ಮೂಲಕ ಹೋಗೆಂದು ರಕ್ತಕ್ಕೆ ಹೇಳಿದ್ದೇನೆ."

ಆ ರಕ್ತನಾಳ ಮೇಲಿನಿಂದ ಕೂಗಿತು: "ನಾನು ಓಣಿ, ಹೆದ್ದಾರಿಯಲ್ಲ! ಉಬ್ಬಿ ಉಬ್ಬಿ ತೆಳ್ಳಗಾಗಿದ್ದೇನೆ. ಇನ್ನು ತಡೆಯಲಾರೆ."

ಗುಲ್ಮ ಕೇಳಿತು: "ಅಣ್ಣಾ, ಯಜಮಾನನಿಗೆ ಮೊದಲೇ ಏಕೆ ಹೇಳಲಿಲ್ಲ?"

"ನೋಯುವುದು ನನಗೆ ಬರುವುದಿಲ್ಲ. ಕಾಲು ಊದಿಸಿದೆ, ಹೊಟ್ಟೆಯಲ್ಲಿ ನೀರು ತುಂಬಿಸಿದೆ, ಕಣ್ಣನ್ನು ಹಳದಿ ಮಾಡಿದೆ. ನನಗೆ ತಿಳಿದ ಮಾತು ಇಷ್ಟೇ."

ಹೊರಗಿನಿಂದ ವಿರೂಪಣ್ಣನ ಹೆಂಡತಿ ಗಂಗವ್ವನ ದನಿ ಕೇಳಿಸಿತು: "ಕಣ್ಣು ಅರಿಷಿಣ ಬಳದಂಗ ಆಗ್ಯಾವ್ರಿ. ಇವತ್ತರ ದವಾಖಾನಿಗೆ ನಡೀರಿ."

ಒಳಗಿನ ಮೂವರೂ ಅವನ ಉತ್ತರಕ್ಕೆ ಕಿವಿಗೊಟ್ಟರು.

"ಸುಮ್ನಿರು" ಎಂದ ವಿರೂಪಣ್ಣ ಲೋಟ ಎತ್ತಿ ಗಟಗಟನೆ ಕುಡಿದ. "ನೋವಿದ್ರ ನಾನ ಹೇಳತಿದ್ದಿಲ್ಲೇನು? ನನಗ ಎಲ್ಲೂ..."

ಮಾತು ಮುಗಿಯುವ ಮೊದಲೇ ಬಾಯಿಂದ ರಕ್ತ ಉಕ್ಕಿ, ಹೊಲಿಯಲೆಂದು ಮಡಿಲಲ್ಲಿಟ್ಟುಕೊಂಡಿದ್ದ ಬಿಳಿ ಅಂಗಿಯ ಮೇಲೆ ಬಿತ್ತು.