ಬಾನೆಟ್ಟಿನ ದೂರು

ರಾಣೆಬೆನ್ನೂರಿನ ಚನ್ನವೀರಪ್ಪ ಮಾಸ್ತರರ ಕೆಂಪು ಕಾರಿಗೆ ಹನ್ನೆರಡು ವರ್ಷ. ಶಾಲೆಯ ಗೇಟಿಗೆ ತಾಗಿ ಮುಂದಿನ ಬಂಪರ್ ಒಡೆದಾಗ ಅವರು ಹೊಸ ಪ್ಲಾಸ್ಟಿಕ್ ಬಂಪರ್ ಹಾಕಿಸಿದರು. ಅಂದಿನಿಂದ ತಗಡಿನ ಬಾನೆಟ್ಟಿಗೆ ನೆಮ್ಮದಿ ಇಲ್ಲವಾಯಿತು.

"ನೀನು ನಮ್ಮ ಕುಲದವನಲ್ಲ. ನಿನ್ನ ಬಣ್ಣವೇ ಬೇರೆ. ನಿನ್ನಿಂದಾಗಿ ಇಡೀ ಕಾರು ನಗೆಪಾಟಲಾಗಿದೆ" ಎಂದಿತು ಬಾನೆಟ್ಟು.

"ಕಂಪನಿ ಹೇಳಿದ ಬಣ್ಣವನ್ನೇ ನನಗೆ ಹೊಡೆದಿದ್ದಾರೆ, ಸ್ವಾಮಿ" ಎಂದಿತು ಬಂಪರ್.

"ಹಾಗಾದರೆ ಬಲ್ಲವರೇ ತೀರ್ಮಾನಿಸಲಿ. ಯಾರ ಬಣ್ಣ ತಪ್ಪೋ ಅವರ ಮೈ ತಿಕ್ಕಿಸಲಿ."

ಮಾಸ್ತರರಿಗೂ ಆ ಎರಡು ಬಗೆಯ ಕೆಂಪು ಬಣ್ಣಗಳು ಕಣ್ಣಿಗೆ ಚುಚ್ಚುತ್ತಿದ್ದವು. ಅವರು ಕಾರನ್ನು ಪೇಂಟರ್ ದಸ್ತಗೀರ್ ಸಾಹೇಬರ ಬಳಿ ಒಯ್ದು, "ಈ ಬಂಪರಿನ ಬಣ್ಣ ಸರಿ ಮಾಡಿ ಕೊಡ್ರಿ" ಎಂದರು. ಬಾನೆಟ್ಟು ಬಿಸಿಲಲ್ಲಿ ಎದೆಯುಬ್ಬಿಸಿ ನಿಂತಿತು.

ಸಾಹೇಬರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಒಳಮೈ ನೋಡಿದರು. ಬಿಸಿಲು ಕಾಣದ ಆ ಜಾಗದಲ್ಲಿ ಕಾರಿನ ಹುಟ್ಟುಬಣ್ಣ ಹಾಗೇ ಉಳಿದಿತ್ತು. ಅದೂ ಬಂಪರಿನ ಬಣ್ಣವೂ ಒಂದೇ ಆಗಿದ್ದವು.

"ಬಂಪರ್ ಬರೋಬರಿ ಐತ್ರೀ ಮಾಸ್ತರ. ಬಿಸಿಲಿಗೆ ಮಾಸಿದ್ದು ಬಾನೆಟ್ಟು. ಅದನ್ನ ತಿಕ್ಕಿ ಹೊಸದಾಗಿ ಬಣ್ಣ ಹೊಡೀಬೇಕ್ರಿ" ಎಂದು ಸಾಹೇಬರು ಉಪ್ಪುಕಾಗದವನ್ನು ನೀರಿಗೆ ಅದ್ದಿದರು.

ಬಾನೆಟ್ಟು ದನಿ ತಗ್ಗಿಸಿ ಬಂಪರಿಗೆ ಹೇಳಿತು: "ತಮ್ಮಾ, ನೀನಾದರೂ ಅವರಿಗೆ ತಿಳಿಸಿ ಹೇಳು. ಒಂದೇ ಮನೆಯಲ್ಲಿ ಒಬ್ಬರು ತುಸು ಕಪ್ಪು, ಒಬ್ಬರು ತುಸು ಬಿಳುಪು ಇರುವುದಿಲ್ಲವೇ?"