ಆಚೆ ಬಾವಿಯ ಚಹಾ

ಪೆಸಿಫಿಕ್ ಸಾಗರದ ನಡುವೆ ಬಳೆಯ ಆಕಾರದ ಒಂದು ಹವಳದ ದ್ವೀಪ. ಅಲ್ಲಿ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ತೇಲುತ್ತದೆ ನೋಡಿ. ಮೇಲಿಂದ ಮೊಗೆದರೆ ಅಮೃತ, ಆಳಕ್ಕೆ ಹೋದರೆ ಬರೀ ಕಡಲು. ಇದು ಅತಿಥಿಗೃಹದ ಅಡಿಗೆಯವ ತೆಬಾನೊನಿಗೆ ಗೊತ್ತು. ರಾಜಧಾನಿಯಿಂದ ಬಂದ ನೀರು ಸರಬರಾಜಿನ ಸಾಹೇಬರಿಗೆ ಗೊತ್ತಿರಲಿಲ್ಲ.

"ಆಳುದ್ದವೂ ಇಲ್ಲದ ಇದೂ ಒಂದು ಬಾವಿಯೇ? ಸೋಮಾರಿಗಳು ನೀವು. ನಾಳೆಯೇ ಮೂವತ್ತಡಿ ತೋಡಿಸ್ತೀನಿ" ಎಂದರು ಸಾಹೇಬರು. ಊರಿಗೆ ಉಳಿದಿದ್ದ ಸಿಹಿಬಾವಿ ಅದೊಂದೇ.

"ಆಗಲಿ ಸ್ವಾಮಿ, ಮೊದಲು ಚಹಾ ಕುಡೀರಿ" ಎಂದ ತೆಬಾನೊ.

ಒಂದೇ ಗುಟುಕಿಗೆ ಸಾಹೇಬರ ಮುಖ ಹಿಂಡಿದ ನಿಂಬೆಹಣ್ಣಾಯಿತು. "ಸಕ್ಕರೆ ಅಂತ ಉಪ್ಪು ಸುರಿದಿದ್ದೀಯೇನೋ?"

"ಮೂರು ಚಮಚ ಸಕ್ಕರೆ ಹಾಕಿದ್ದೀನಿ ಸ್ವಾಮಿ. ನೀರು ಮಾತ್ರ ಆಚೆ ಬಾವೀದು. ಅದು ಮೂವತ್ತಡಿ ಇದೆ."

ಸಾಹೇಬರು ಲೋಟ ಕೆಳಗಿಟ್ಟರು. ತೋಡುವ ಆಜ್ಞೆಯ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಸೇರಿಸಿದರು. "ಅದನ್ನ ತೋಡಿಸಿದ್ದು ಯಾರು?" ಎಂದರು.

"ನಿಮ್ಮ ಹಿಂದಿನ ಸಾಹೇಬರು. ಅದರ ಪಕ್ಕ ನಮ್ಮಪ್ಪನ ಕೆಸುವಿನ ತೋಟ ಇತ್ತು. ಈಗ ಒಂದೆಲೆಯೂ ಇಲ್ಲ." ತೆಬಾನೊ ಲೋಟ ಎತ್ತಿಕೊಂಡ. "ಅವರಿಗೂ ಇಂಥ ಚಹಾ ಕುಡಿಸಬಹುದಿತ್ತು. ಆದರೆ ಅವತ್ತು ಊರಲ್ಲಿ ಒಂದೂ ಉಪ್ಪು ಬಾವಿ ಇರಲಿಲ್ಲ ಸ್ವಾಮಿ."