ಮೂರಡಿ ಬಾಗಿಲು

ನಮ್ಮ ಕಚೇರಿಯ ಗುಮಾಸ್ತ ಊಟದ ಬಿಡುವಿನಲ್ಲಿ ದಾಳ ಉರುಳಿಸಿ ಕಥೆಯಾಟ ಆಡಿಸುತ್ತಾನೆ. ಆಡುವವರೆಲ್ಲ ವೀರರು, ರಾಕ್ಷಸನ ಪಾತ್ರ ಅವನದು.

ಒಂದು ದಿನ ಮ್ಯಾನೇಜರ್ ಪಂಚಾಕ್ಷರಯ್ಯನವರು ಗುಡುಗಿದರು: "ಏನಯ್ಯಾ, ನಿನ್ನ ರಾಕ್ಷಸ ಎರಡೇ ಏಟಿಗೆ ಸಾಯ್ತಾನೆ! ನಾಳೆ ನನ್ನ ವೀರನಿಗೆ ತಕ್ಕವನನ್ನ ತಾ. ಇಲ್ಲಾಂದ್ರೆ ಆಟ ಬಂದ್."

ಮರುದಿನದ ಆಟದಲ್ಲಿ ರಾಕ್ಷಸ ಗುಹೆಯೊಳಗೆ ಕುಳಿತಿದ್ದ. ಗುಹೆಗೆ ಮೂರಡಿ ಬಾಗಿಲು.

"ಬಗ್ಗಿ ಒಳಗೆ ಬನ್ನಿ ಸಾರ್," ಎಂದ ಗುಮಾಸ್ತ.

"ನನ್ನ ವೀರ ಯಾರಿಗೂ ಬಗ್ಗೋನಲ್ಲ!"

"ಹಾಗಾದ್ರೆ ನಿಂತಿರಲಿ. ರಾಕ್ಷಸ ಒಳಗಿಂದಲೇ ಮೊಣಕಾಲಿಗೆ ಈಟಿ ಚುಚ್ಚುತ್ತಿದ್ದಾನೆ."

ವೀರ ನೆಟ್ಟಗೆ ನಿಂತೇ ಸತ್ತ. ಸಾಹೇಬರಿಗೆ ಅದರಲ್ಲೂ ಹೆಮ್ಮೆ.

"ಭಲೇ! ಈ ರಾಕ್ಷಸನ ಬಲ ಎಷ್ಟು ಹೆಚ್ಚಿಸಿದೆಯಯ್ಯಾ?"

"ಚೂರೂ ಹೆಚ್ಚಿಸಿಲ್ಲ ಸಾರ್. ಬಾಗಿಲು ತಗ್ಗಿಸಿದೆ, ಅಷ್ಟೆ."

ಆಟ ಈಗಲೂ ನಡೆಯುತ್ತಿದೆ. ಸಾಹೇಬರ ಹೊಸ ವೀರ ಯಾರಿಗೂ ಬಗ್ಗುವುದಿಲ್ಲ. ಅವನ ಎತ್ತರ ಎರಡೂವರೆ ಅಡಿ.